ಗೇರ್‌ಬಾಕ್ಸ್‌ನ ಬಾಯಾರಿಕೆ ಬಲ್ಲ ಮೂಗಣ್ಣ

ಶನಿವಾರ, ಬೆಳಗಿನ ಐದೂವರೆ. ಶಾಲೆಗೆ ರಜೆ. ತಗಡಿನ ಶೆಡ್ಡಿನಿಂದ ಹಳದಿ ಬಣ್ಣದ ಶಾಲಾ ವ್ಯಾನೊಂದು ಮೆಲ್ಲಗೆ ಗಲ್ಲಿಗೆ ಇಳಿಯುತ್ತಿದೆ. ಸ್ಟೇರಿಂಗ್ ಹಿಡಿದಿರುವವರು ಅದರ ಒಡತಿ. ಮಕ್ಕಳಿಂದ ಹಿಡಿದು ಶಾಲೆಯ ಕಾವಲುಗಾರನವರೆಗೆ ಎಲ್ಲರಿಗೂ ಅವರು ‘ವ್ಯಾನಕ್ಕ’. ಪಕ್ಕದ ಸೀಟಿನಲ್ಲಿ ಐವತ್ತರ ಆಸುಪಾಸಿನ ಸಣಕಲು ಮನುಷ್ಯರೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಅವರ ಅಂಗೈ ಗೇರ್ ಲಿವರಿನ ಬುಡದ ರಬ್ಬರಿನ ಮೇಲಿದೆ, ನಾಡಿ ನೋಡುವ ವೈದ್ಯರ ಕೈಯ ಹಾಗೆ. ಹಿಂದೆ, ಮಕ್ಕಳಿಗೆಂದು ಮಾಡಿದ ಸೀಟಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು.

“ಫಸ್ಟ್ ಹಾಕಿ ಅಕ್ಕ. ಹಾಂ. ಈಗ ಸೆಕೆಂಡ್. ಅವಸರ ಮಾಡ್ಬೇಡಿ.”

ಕರ್ರ್! ಆ ಸದ್ದಿಗೆ ಎದುರುಮನೆಯ ಮಹಡಿಯಲ್ಲಿ ದೀಪ ಹತ್ತಿಕೊಳ್ಳುತ್ತದೆ. ವ್ಯಾನಕ್ಕನ ಮುಖ ಸಣ್ಣದಾಗುತ್ತದೆ. ಪಕ್ಕದವರು ಮಾತ್ರ ಕಣ್ಣು ಬಿಡುವುದಿಲ್ಲ. “ಇನ್ನೊಂದು ಸಲ ಅಕ್ಕ” ಎನ್ನುತ್ತಾರೆ. ಗಲ್ಲಿಯ ತುದಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಸಲ ಕರ್ರ್ ಆಗುತ್ತದೆ, ಗಲ್ಲಿಯಲ್ಲಿ ಮೂರು ಮನೆ ಏಳುತ್ತವೆ.

“ರಾತ್ರಿಯೆಲ್ಲ ನಿಂತ ಗಾಡಿ ಸುಳ್ಳು ಹೇಳಲ್ಲ ಸಾರ್” ಎಂದು ಅವರು ನನ್ನ ಕಡೆ ತಿರುಗುತ್ತಾರೆ. “ಹತ್ತು ಕಿಲೋಮೀಟರ್ ಓಡಿ ಬಿಸಿಯಾದ್ಮೇಲೆ ಎಲ್ಲ ಗೇರ್‌ಬಾಕ್ಸೂ ಸಾಚಾನೇ. ಅದಕ್ಕೇ ಹಿಂದಿನ ಸಂಜೆನೇ ಗಾಡಿ ಬಿಟ್ಟು ಹೋಗಿ ಅಂತೀನಿ. ಬೆಳಿಗ್ಗೆ ಮೊದಲನೇ ಗೇರ್ ನನ್ನೆದುರಿಗೇ ಬೀಳ್ಬೇಕು.”

ವ್ಯಾನಕ್ಕನಿಗೆ ಇದು ಬರೀ ಸದ್ದಿನ ತಂಟೆಯಲ್ಲ. ಹದಿನಾಲ್ಕು ಮಕ್ಕಳನ್ನು ದಿನಾ ಶಾಲೆಗೆ ಬಿಟ್ಟು ಕರೆತರುವುದೇ ಅವರ ಮನೆಯ ಒಲೆ ಉರಿಸುವ ಕೆಲಸ. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ಗೇರ್‌ಬಾಕ್ಸ್ ಬಿಚ್ಚಲೇಬೇಕು, ಮೂರು ವಾರ ಗಾಡಿ ಬಿಡಿ ಎಂದಿದ್ದಾರೆ. “ಮೂರು ವಾರ ಯಾರು ಕಾಯ್ತಾರೆ ಹೇಳಿ? ಮೂರನೇ ದಿನಕ್ಕೆ ಬೇರೆ ವ್ಯಾನ್ ನೋಡ್ಕೊಳ್ತಾರೆ. ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಮೊದಲನೇ ಮಗು ಮನೆ ಮುಂದೆ ಇರ್ಬೇಕು” ಎನ್ನುತ್ತಾರೆ. ಕೊನೆಯ ಉಪಾಯವೆಂದು ಯಾರೋ ಹೇಳಿದರಂತೆ: ಮೂಗಣ್ಣನ ಹತ್ತಿರ ಹೋಗಿ.

ಆ ಮೂಗಣ್ಣನೇ ಇವರು. ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯನ್ನು ಮೂಸಿ ನೋಡಿ ರೋಗ ಹೇಳುವುದರಿಂದ ಬಂದ ಹೆಸರು ಅದು. ಮೂಗು ನೋಡಿದರೆ ನಿಮ್ಮ ನನ್ನ ಮೂಗಿನಷ್ಟೇ ಇದೆ. ಶೆಡ್ಡಿನ ಹೊರಗಿನ ಬೋರ್ಡಿನಲ್ಲಿ ಇವರ ಸುಳಿವೇ ಇಲ್ಲ. ಅಲ್ಲಿ ಆಳೆತ್ತರದ ಎಂಜಿನ್ನಿನ ಚಿತ್ರ, ಅದರ ಪಕ್ಕದಲ್ಲಿ ಮೀಸೆ ತಿರುವಿಕೊಂಡು ನಿಂತ ಭಾವನ ಚಿತ್ರ. ಭಾವ ಎಂದರೆ ಮೂಗಣ್ಣನ ಅಕ್ಕನ ಗಂಡ, ಶೆಡ್ಡಿನ ಯಜಮಾನರು, ಎಂಜಿನ್ ಕೆಲಸದಲ್ಲಿ ಹೆಸರು ಮಾಡಿದವರು. ನಾನು ಮೊದಲ ದಿನ ಹೋದಾಗ ಅವರೇ ತಲೆ ಬಾಚಿಕೊಂಡು ಫೋಟೊಕ್ಕೆ ಸಿದ್ಧವಾಗಿದ್ದರು.

“ಎಂಜಿನ್ನು ಹೃದಯ ಇದ್ದ ಹಾಗೆ ಸಾರ್. ಗೇರ್‌ಬಾಕ್ಸು ಏನಿದ್ರೂ ಮೊಣಕಾಲು” ಎಂದು ಭಾವ ನನಗೆ ಪಾಠ ಮಾಡುತ್ತಾರೆ.

“ಹೃದಯ ಗಟ್ಟಿಯಾಗಿದ್ದು ಮೊಣಕಾಲು ಹೋದ್ರೆ ಏನ್ ಭಾವ ಪ್ರಯೋಜನ? ನಿಮ್ಮ ಹಾಗೆ ದಿನವೆಲ್ಲ ಕುರ್ಚಿ ಮೇಲೇ ಕೂತಿರ್ಬೇಕು” ಎಂದು ಗಾಡಿಯ ಅಡಿಯಿಂದ ಬಾಮೈದನ ದನಿ ಬರುತ್ತದೆ. ಇಪ್ಪತ್ತಾರು ವರ್ಷದಿಂದ ಇಬ್ಬರೂ ಹೀಗೇ ಕಾಲೆಳೆದುಕೊಂಡೇ ಒಟ್ಟಿಗೆ ಊಟ ಮಾಡುತ್ತಿದ್ದಾರೆ.

ಮೂಗಣ್ಣ ಶುರು ಮಾಡಿದ್ದು ಎಣ್ಣೆ ಗೋದಾಮಿನಲ್ಲಿ, ಡ್ರಮ್ಮು ಉರುಳಿಸುವ ಕೂಲಿಯಾಗಿ. ಚೀಟಿ ಕಿತ್ತುಹೋದ ಡ್ರಮ್ಮಿನಲ್ಲಿ ಏನಿದೆ ಎಂದು ಹೇಳುವವರು ಯಾರೂ ಇರದಿದ್ದಾಗ ಮುಚ್ಚಳ ತೆಗೆದು ಮೂಸುವುದನ್ನು ತಾವೇ ಕಲಿತರು. ಒಮ್ಮೆ ಡ್ರಮ್ಮೊಂದು ಬಲಗಾಲಿನ ಮೇಲೆ ಉರುಳಿ ಗೋದಾಮಿನ ಕೆಲಸ ಹೋಯಿತು. ಭಾವ ಕರೆದು ಶೆಡ್ಡಿನಲ್ಲಿ ಜಾಗ ಕೊಟ್ಟರು. ಏಳು ವರ್ಷ ಬಿಡಿಭಾಗ ತೊಳೆದದ್ದೇ ತೊಳೆದದ್ದು. ಚಳಿಗಾಲದಲ್ಲಿ ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರಿಲ್ಲ. “ತೊಳೀತಾ ತೊಳೀತಾನೇ ಗೊತ್ತಾಯ್ತು ಸಾರ್, ಯಾವ ಎಣ್ಣೆ ಯಾವ ಲೋಹಾನ ಏನ್ ಮಾಡಿದೆ ಅಂತ” ಎನ್ನುತ್ತಾರೆ.

ಈಗ ದಿನಕ್ಕೆ ಐದಾರು ಗಾಡಿ. ಒಂದೊಂದು ಗೇರ್‌ಬಾಕ್ಸ್ ಕುಡಿಯುವುದು ಎರಡು, ಎರಡೂವರೆ ಲೀಟರ್. ಹಳೆಯ ಎಣ್ಣೆ ಕೊನೆಯ ಹನಿಯವರೆಗೆ ಇಳಿಯಲು ನಲವತ್ತು ನಿಮಿಷ. ಅದಕ್ಕಿಂತ ಒಂದು ನಿಮಿಷ ಮೊದಲು ಬಿರಡೆ ಹಾಕಲು ಅವರು ಒಪ್ಪುವುದಿಲ್ಲ. ಮೊದಲು ಎಣ್ಣೆ ತುಂಬುವ ಮೇಲಿನ ಬಿರಡೆ ಬಿಚ್ಚಿಕೊಂಡು, ಅದು ಬಿಚ್ಚಿತೆಂದು ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕುವುದು. “ಯಾರೋ ಒಬ್ರು ಕೆಳಗಿಂದು ಬಿಚ್ಚಿ ಎಣ್ಣೆಯೆಲ್ಲ ಸುರಿದ್ರು. ಮೇಲಿಂದು ತುಕ್ಕು ಹಿಡಿದು ಕೂತಿತ್ತು, ಬಿಚ್ಚಲೇ ಇಲ್ಲ. ಓಡಿಸ್ಕೊಂಡು ಬಂದ ಕಾರು, ಎಳೆಸ್ಕೊಂಡು ಹೋಯ್ತು” ಎಂದು ನಗುತ್ತಾರೆ. ಆ ಯಾರೋ ಒಬ್ಬರು ಯಾರೆಂದು ಕೇಳಿದರೆ ಭಾವನ ಕುರ್ಚಿಯ ಕಡೆ ನೋಡುತ್ತಾರೆ.

ನನ್ನ ಕಾರಿನಲ್ಲಿ ಗೇರ್ ಎಣ್ಣೆ ಎಂಬುದೊಂದು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹಾಗಾಗಿ ಅಕ್ಷರಾಭ್ಯಾಸದಿಂದಲೇ ಶುರು ಮಾಡಬೇಕಾಗುತ್ತದೆ. ಕೈಯಿಂದ ಗೇರ್ ಹಾಕುವ ಗಾಡಿಯಲ್ಲಿ ಗೇರಿಗೊಂದು ಹಿತ್ತಾಳೆಯ ಉಂಗುರವಿರುತ್ತದಂತೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಚಕ್ರಗಳನ್ನು ಹಿಡಿದು, ಒಂದೇ ವೇಗಕ್ಕೆ ತಂದು ಕೂಡಿಸುವುದು ಅದರ ಕೆಲಸ. “ಜಗಳ ಆಡೋ ಇಬ್ರನ್ನ ಕೂರಿಸಿ ರಾಜಿ ಮಾಡ್ಸೋ ಹಿರಿಯರು ಇರ್ತಾರಲ್ಲ, ಹಾಗೆ. ಎಣ್ಣೆ ತೀರಾ ಮಂದ ಆದ್ರೆ ಚಳೀಲಿ ಹಿರಿಯರ ಕೈಕಾಲೇ ಆಡಲ್ಲ. ತೀರಾ ಜಾರಿದ್ರೆ ಯಾರನ್ನೂ ಹಿಡಿಯೋಕಾಗಲ್ಲ. ಗಂಧಕ ಜಾಸ್ತಿ ಇರೋ ಎಣ್ಣೆ ಹಾಕಿದ್ರೋ, ಹಿರಿಯರನ್ನೇ ತಿಂದು ಹಾಕುತ್ತೆ!”

ಅವರ ಕಪಾಟಿನಲ್ಲಿ ನಾಲ್ಕು ಡಬ್ಬಿಗಳಿವೆ. ಎಲ್ಲರೂ ‘ತೊಂಬತ್ತು ನಂಬರ್’ ಎನ್ನುವ ಮಂದ ಎಣ್ಣೆ, ಅದಕ್ಕಿಂತ ತೆಳುವಾದ ಇನ್ನೊಂದು, ಶರಬತ್ತಿನಂತೆ ಕೆಂಪಗಿರುವ ನೀರು ನೀರಾದ ಮತ್ತೊಂದು, ಕಡೆಗೆ ಎಂಜಿನ್ ಆಯಿಲ್. ಕೆಲವು ಗೇರ್‌ಬಾಕ್ಸ್ ಅದನ್ನೇ ಕುಡಿಯುತ್ತವಂತೆ. ದುಬಾರಿಯದು ಹಾಕಿದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದಾಗ ಮೂಗಣ್ಣ ಮರುಕದಿಂದ ನೋಡಿದರು. “ಗಾಡಿ ಹೆಸರು ಕೇಳ್ಬೇಡಿ, ಎಣ್ಣೆ ಬೆಲೆ ಕೇಳ್ಬೇಡಿ. ಕೆಳಗೆ ಮಲಗಿ ಗೇರ್‌ಬಾಕ್ಸ್ ಮೈಮೇಲೆ ಅಚ್ಚು ಹಾಕಿರೋ ನಂಬರ್ ನೋಡಿ. ಅದು ಏನ್ ಕೇಳುತ್ತೋ ಅದನ್ನೇ ಕೊಡಿ. ಇಷ್ಟೇ ಸಾರ್ ನನ್ನ ವಿದ್ಯೆ.”

ಈ ವಿದ್ಯೆಯಿಂದ ಮನೆಯಲ್ಲಿ ಸುಖವಿಲ್ಲ ಎನ್ನುತ್ತಾರೆ ಅವರ ಹೆಂಡತಿ. ಎಣ್ಣೆಯ ಬಣ್ಣ ನೋಡಲು ಬಿಳಿ ಪಿಂಗಾಣಿ ತಟ್ಟೆಯೇ ಆಗಬೇಕು. ಆರರ ಜೊತೆಯಲ್ಲಿ ಮನೆಯಲ್ಲಿ ಉಳಿದಿರುವುದು ಎರಡು. ಎಣ್ಣೆ ಮೂಸುವ ಮೊದಲು ಚಹಾ ಮುಟ್ಟುವುದಿಲ್ಲ, ಪೌಡರ್ ಹಚ್ಚಿದ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. “ಊರ ಗಾಡಿ ವಾಸನೆಯೆಲ್ಲ ಗೊತ್ತಾಗುತ್ತೆ. ಮನೇಲಿ ಹಾಲು ಉಕ್ಕಿ ಸೀದು ಕರಕಲಾದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾರೆ. ಮೂಗು ಶೆಡ್ಡಲ್ಲೇ ಬಿಟ್ಟು ಬರ್ತಾರೋ ಏನೋ” ಎನ್ನುವಾಗ ಆಕೆಗೂ ನಗು ತಡೆಯುವುದಿಲ್ಲ.

ಮತ್ತೆ ಆ ಶನಿವಾರಕ್ಕೆ ಬರೋಣ. ವ್ಯಾನನ್ನು ಜಾಕ್ ಮೇಲೆ ಎತ್ತಿ, ದಿಮ್ಮಿ ಕೊಟ್ಟು ನಿಲ್ಲಿಸಿದ್ದಾಗಿದೆ. ಮೂಗಣ್ಣ ಗೋಣಿಚೀಲ ಹಾಸಿಕೊಂಡು ಅಡಿಗೆ ಜಾರುತ್ತಾರೆ. ಬಿರಡೆ ಬಿಚ್ಚಿದ ಸದ್ದು, ಬಾಣಲೆಗೆ ಎಣ್ಣೆ ಇಳಿಯುವ ಸದ್ದು. ಚಳಿಗೆ ಅದು ಜೇನಿನಂತೆ ತಡೆದು ತಡೆದು ಇಳಿಯುತ್ತದೆ. ಅಡಿಯಲ್ಲೇ ಮೂಸಿ ನೋಡಿದ ಮೇಲೆ ಎಣ್ಣೆಯ ಪಿಂಗಾಣಿ ತಟ್ಟೆ ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಕಂದು ಎಣ್ಣೆಯಲ್ಲಿ ಚಿನ್ನದ ಬಣ್ಣದ ಸಣ್ಣ ಮಿನುಗು. ಅದು ಸವೆದ ಹಿತ್ತಾಳೆ. ಬಿರಡೆಯ ಅಯಸ್ಕಾಂತಕ್ಕೆ ಮೆತ್ತಿರುವುದು ಬರೀ ಬೂದು ಕೆಸರು, ಹಲ್ಲಿನ ಚೂರು ಒಂದೂ ಇಲ್ಲ.

“ಗೇರ್‌ಬಾಕ್ಸ್ ಬಿಚ್ಚೋದು ಬೇಡ ಅಕ್ಕ. ಉಂಗುರ ಸವೆದಿದೆ, ಪೂರ್ತಿ ಹೋಗಿಲ್ಲ. ಇದು ತೊಂಬತ್ತು ನಂಬರ್. ಈ ಗೇರ್‌ಬಾಕ್ಸಿಗೆ ಬೇಕಾಗಿರೋದು ಕೆಂಪು ಎಣ್ಣೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಇದನ್ನ ಯಾರೋ...”

ಮಾತು ಅಲ್ಲಿಗೇ ನಿಲ್ಲುತ್ತದೆ. ಗಾಡಿಯ ಅಡಿಯಲ್ಲಿ ಟಾರ್ಚು ಒಂದೇ ಕಡೆ ನಿಂತಿದೆ. ತುಸು ಹೊತ್ತಿನ ಮೇಲೆ ಮೂಗಣ್ಣ ಹೊರಗೆ ಬಂದು ಕೂರುತ್ತಾರೆ. ಅವರ ಕೈಯಲ್ಲಿ ಹೆಬ್ಬೆರಳಗಲದ ಒಂದು ತಗಡಿನ ಬಿಲ್ಲೆ. ಎಣ್ಣೆ ಹಾಕಿದ ಪ್ರತಿ ಗಾಡಿಗೂ ಖಾಲಿ ಡಬ್ಬಿಯಿಂದ ಕತ್ತರಿಸಿದ ಇಂಥದೊಂದು ಬಿಲ್ಲೆಗೆ ಎಣ್ಣೆಯ ನಂಬರೂ ತಾರೀಕೂ ಮೊಳೆಯಿಂದ ಕೊರೆದು ತಂತಿಯಲ್ಲಿ ಕಟ್ಟುವುದು ಅವರ ಪದ್ಧತಿ. ಊರಿನಲ್ಲಿ ಬೇರೆ ಯಾರೂ ಹೀಗೆ ಕಟ್ಟುವುದಿಲ್ಲ. ಬಿಲ್ಲೆಯಲ್ಲಿ ತೊಂಬತ್ತು ಎಂದಿದೆ. ತಾರೀಕು ಎಂಟು ತಿಂಗಳ ಹಿಂದಿನದು.

ಭಾವ ಕುರ್ಚಿಯಿಂದಲೇ ಎಲ್ಲವನ್ನೂ ಅರ್ಥ ಮಾಡಿಕೊಂಡು ಬಾಮೈದನಿಗೆ ಕಣ್ಣು ಹೊಡೆಯುತ್ತಾರೆ. “ಎಣ್ಣೆ ಹಳೇದಾಗಿತ್ತು ಅಷ್ಟೇನಮ್ಮ, ಬದಲಾಯಿಸಿದ್ರೆ ಸರಿಹೋಗುತ್ತೆ” ಎಂದು ವ್ಯಾನಕ್ಕನಿಗೆ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಸಬಹುದಿತ್ತು. ಬಿಲ್ಲೆಯಲ್ಲಿ ಏನಿದೆ ಎಂದು ವ್ಯಾನಕ್ಕನಿಗೆ ಗೊತ್ತಿಲ್ಲ, ನನಗೂ ಆಗ ಗೊತ್ತಾಗಿರಲಿಲ್ಲ.

ಮೂಗಣ್ಣ ಬಿಲ್ಲೆಯನ್ನು ವ್ಯಾನಕ್ಕನ ಕೈಗಿಡುತ್ತಾರೆ. “ಹಳೇದಾಗಿದ್ದಲ್ಲ ಅಕ್ಕ. ತಪ್ಪು ಎಣ್ಣೆ. ಹಾಕಿದ್ದು ನಾನೇ. ನೀವು ಊರಿಗೆ ಹೋಗಿದ್ರಂತೆ, ನಿಮ್ಮ ತಮ್ಮ ಗಾಡಿ ತಂದಿದ್ರು. ಅವತ್ತು ಕಾಲು ನೋವಿತ್ತು. ಈ ವ್ಯಾನಿಗೆ ತೊಂಬತ್ತೇ ಅಂತ ಮೇಲಿಂದ ನೋಡಿ ಹಾಕ್ಬಿಟ್ಟೆ, ಪಕ್ಕದಿಂದ ಕೈ ಚಾಚಿಯೇ ಬಿರಡೆ ಬಿಚ್ಚಿದೆ, ಬಿಲ್ಲೆನೂ ಕಟ್ಟಿದೆ, ಕೆಳಗೆ ಮಲಗಿ ನಂಬರ್ ಓದ್ಲಿಲ್ಲ. ಹಿಂದೆ ಯಾರೋ ಇದಕ್ಕೆ ಬೇರೆ ಗಾಡಿ ಗೇರ್‌ಬಾಕ್ಸ್ ಕೂರಿಸಿದಾರೆ, ಈಗ ನೋಡಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯ್ತು ನನ್ನ ಕಥೆ.”

ವ್ಯಾನಕ್ಕ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅವರು ಬೈಯುತ್ತಾರೆಂದು ನಾವು ಮೂವರೂ ಕಾಯುತ್ತೇವೆ. “ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ” ಎನ್ನುತ್ತಾರೆ ಕೊನೆಗೆ. “ಚಳಿ ಶುರುವಾದಾಗಿಂದ ಶಾಲೆ ಗೇಟಲ್ಲಿ ಎಲ್ಲರೂ ನಗ್ತಾರೆ. ಹೆಂಗಸ್ರು ಗೇರ್ ಹಾಕೋದೇ ಹಾಗೆ ಅಂತ ನನ್ನ ತಮ್ಮನೂ ಅಂದ. ಹನ್ನೊಂದು ವರ್ಷ ಗಾಡಿ ಓಡಿಸಿದೋಳು, ಮನೇಲಿ ಸೌಟು ಹಿಡ್ಕೊಂಡು ಗೇರ್ ಬದಲಾಯ್ಸೋದು ಅಭ್ಯಾಸ ಮಾಡಿದೀನಿ, ಗೊತ್ತಾ?” ಅವರ ಕಣ್ಣು ತುಂಬುತ್ತದೆ. ಮೂಗಣ್ಣ ತಲೆ ತಗ್ಗಿಸುತ್ತಾರೆ. ಗೇರ್‌ಬಾಕ್ಸ್ ಸವೆದದ್ದಕ್ಕಿಂತ ಈ ಸೌಟಿನ ಮಾತು ಅವರಿಗೆ ಹೆಚ್ಚು ನಾಟಿತೆಂದು ನನಗೆ ಅನ್ನಿಸುತ್ತದೆ. “ನಿಮ್ಮ ಕೈ ಚೆನ್ನಾಗಿದೆ ಅಕ್ಕ” ಎನ್ನುತ್ತಾರೆ ಮೆಲ್ಲಗೆ. “ಈ ಎಣ್ಣೇಲಿ ಎಂಟು ತಿಂಗಳು ಓಡಿಸಿನೂ ಒಂದು ಹಲ್ಲು ಮುರಿದಿಲ್ಲ. ಬೇರೆಯವರ ಕೈಲಾಗಿದ್ರೆ ಯಾವಾಗ್ಲೋ ಹೋಗಿರ್ತಿತ್ತು.”

ಕೆಂಪು ಎಣ್ಣೆ ಮೊದಲು ಅರ್ಧ ಲೀಟರ್ ಹಾಕಿ, ತೊಳೆದ ಹಾಗೆ ಇಳಿಸಿ, ಆಮೇಲೆ ಪೂರ್ತಿ ತುಂಬುತ್ತಾರೆ. ಎರಡು ದಿನದಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿ, ಉಂಗುರ ಮತ್ತೆ ಹಿಡಿತ ಕಲಿಯಬೇಕು ಎಂದು ಕಟ್ಟಪ್ಪಣೆ. ಸರಿಹೋಗುತ್ತದೆಯೇ ಎಂದರೆ, “ನೂರಕ್ಕೆ ಎಪ್ಪತ್ತು” ಎನ್ನುತ್ತಾರೆ. ಉಳಿದ ಮೂವತ್ತು ಆ ಭಾನುವಾರ ಅವರನ್ನು ಕೂರಲು ಬಿಡಲಿಲ್ಲವಂತೆ. “ಪೇಪರ್ ತಲೆಕೆಳಗಾಗಿ ಹಿಡ್ಕೊಂಡಿದ್ರು” ಎಂದು ಹೆಂಡತಿ ಆಮೇಲೆ ಹೇಳುತ್ತಾರೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮೂಗಣ್ಣ ವ್ಯಾನಕ್ಕನ ಮನೆಯ ಮುಂದೆ ನಿಂತಿದ್ದಾರೆ. ಜೊತೆಗೆ ನಾನು. ಕರೆಯದಿದ್ದರೂ ಬಂದ ಭಾವ, ಮಫ್ಲರ್ ಸುತ್ತಿಕೊಂಡು ತುಸು ದೂರದಲ್ಲಿ. ಚಳಿ ಕೊರೆಯುತ್ತಿದೆ, ಗಾಡಿ ರಾತ್ರಿಯೆಲ್ಲ ಬಯಲಲ್ಲೇ ನಿಂತಿದೆ. ವ್ಯಾನಕ್ಕ ಯಾರ ಮುಖವನ್ನೂ ನೋಡದೆ ಹತ್ತಿ ಕೂರುತ್ತಾರೆ. ಫಸ್ಟ್ ಬೀಳುತ್ತದೆ. ವ್ಯಾನ್ ಹತ್ತು ಮಾರು ಮುಂದೆ ಹೋಗುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೆಕೆಂಡ್ ಬೀಳುತ್ತದೆ. ಆಮೇಲೆ ಥರ್ಡ್‌ನಲ್ಲಿ ಚೂರು ಒರಟು. ಅದನ್ನು ಮೂಗಣ್ಣ ನನಗಿಂತ ಮೊದಲೇ ಕೇಳಿಸಿಕೊಂಡು, ರಜೆಯಲ್ಲಿ ಆ ಒಂದು ಉಂಗುರ ತಾವೇ ಬದಲಾಯಿಸಿ ಕೊಡುವುದಾಗಿ ಹೇಳುತ್ತಾರೆ.

ಗಾಡಿ ತಿರುಗಿಸಿ ತಂದ ವ್ಯಾನಕ್ಕ ಕಿಟಕಿ ಇಳಿಸುತ್ತಾರೆ. “ನಿಮಗೆ ಬೈಯೋಣ ಅಂತ ಎರಡು ದಿನದಿಂದ ಒಳ್ಳೊಳ್ಳೆ ಮಾತು ಕೂಡಿಟ್ಟಿದ್ದೆ ಅಣ್ಣ. ಸೆಕೆಂಡ್ ಬಿತ್ತು ನೋಡಿ, ಒಂದೂ ನೆನಪಿಗೆ ಬರ್ತಿಲ್ಲ!” ಎಂದು ನಕ್ಕು, ಏಳು ಗಂಟೆಯ ಮಗುವಿನ ಮನೆಯ ಕಡೆ ಹೊರಟುಹೋಗುತ್ತಾರೆ. ಮೂಗಣ್ಣ ಮೂರು ದಿನದಲ್ಲಿ ಮೊದಲ ಬಾರಿಗೆ ಬಾಯಿ ತುಂಬಾ ನಗುತ್ತಾರೆ.

ಭಾವ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುತ್ತಾರೆ: “ಸಾರ್, ಆ ತಪ್ಪು ಎಣ್ಣೆ ವಿಷಯ ಮಾತ್ರ ಬರೀಬೇಡಿ. ಪಾಪ, ಒಂದೇ ಸಲ ಆಗಿರೋದು.” ನನಗೂ ಅದೇ ಸರಿಯೆನಿಸಿ, ಬಿಡುತ್ತೇನೆ ಎಂದು ಮೂಗಣ್ಣನಿಗೆ ತಿಳಿಸುತ್ತೇನೆ. ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

“ಬರೀರಿ ಸಾರ್. ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ಕೆಳಗೆ ಮಲಗಿ ನೋಡ್ಲಿಲ್ಲ ಅಂತ ಬರೀರಿ. ಮಿಕ್ಕೆಲ್ಲ ಸಲನೂ ನೋಡಿದೀನಿ.”