ಕೊಂಬೈ ಬಸ್ಸಿನ ಎರಡನೇ ಚರಣ

ಖಾಲಿ ಬಸ್ಸು ಬಂದು ನಿಂತಿತು. ಯಾರೂ ಹತ್ತಲಿಲ್ಲ.

ಗದಗಿನಿಂದ ಬಂದ ನನಗೆ ಇದಕ್ಕಿಂತ ವಿಚಿತ್ರ ಬೇರೆ ಇರಲಾರದು. ನಮ್ಮಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ಲು, ಚೀಲ, ಒಮ್ಮೊಮ್ಮೆ ಮಗು ಕೂಡ ಒಳಗೆ ಹೋಗಿ ಸೀಟು ಹಿಡಿಯುತ್ತವೆ. ಇಲ್ಲಿ, ತಮಿಳುನಾಡಿನ ಕೊಂಬೈಯ ನಿಲ್ದಾಣದಲ್ಲಿ, ಸಮವಸ್ತ್ರದ ಮಕ್ಕಳ ಹಿಂಡೊಂದು ಬಾಗಿಲ ಎದುರೇ ನಿಂತು ಬೇರೆಲ್ಲೋ ನೋಡುತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ನಾನೊಬ್ಬಳೇ ಹತ್ತಿದೆ. ಬಸ್ಸು ಹೊರಟಾಗ ಮಕ್ಕಳು ನನ್ನತ್ತ ನೋಡಿದರು, ಕನಿಕರದಿಂದ.

ಇದನ್ನು ಊರಿಗೆ ಫೋನಿನಲ್ಲಿ ಹಲವು ಸಲ ಹೇಳಿದ್ದೇನೆ. ಒಂದು ಸಲ ಹೇಳುವಾಗ ಮಳೆ ಬಂದು ಸೇರಿಕೊಂಡಿತು, ಇನ್ನೊಂದು ಸಲ ಬೆಟ್ಟದ ಮೇಲೆ ಮೋಡ. ಎರಡೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ. ನೆನಪು ತನಗೆ ತಾನೇ ಹಿನ್ನೆಲೆ ಸಂಗೀತ ಹಾಕಿಕೊಳ್ಳುತ್ತದೆ, ನಂಬಬೇಡಿ. ಖಾಲಿ ಬಸ್ಸು ಮಾತ್ರ ಖಂಡಿತ ಇತ್ತು.

ಹಿಂದಿನ ದಿನವಷ್ಟೇ ದಿಂಡಿಗಲ್‌ನಲ್ಲಿ ರೈಲಿಳಿದು, ತೇನಿಯಲ್ಲಿ ಬಸ್ಸು ಬದಲಿಸಿ ಬಂದಿದ್ದೆ. ಮನೆ ಸಿಕ್ಕದ್ದು ಕನ್ನಡದ ದೆಸೆಯಿಂದ. ಇಲ್ಲಿ ನೂರಾರು ವರ್ಷಗಳಿಂದ ನೆಲೆಸಿರುವ ಕನ್ನಡದ ಒಕ್ಕಲು ಮನೆತನಗಳಿವೆ. ಅಂಥ ಒಂದು ಮನೆಯ ಮಹಡಿ ನನ್ನದಾಯಿತು. ಮನೆಯ ಹಿರಿಯಾಕೆಯನ್ನು ಎಲ್ಲರೂ ‘ಅವ್ವ’ ಎನ್ನುತ್ತಾರೆ. ನಮ್ಮ ಕಡೆ ಅವ್ವ ಎಂದರೆ ತಾಯಿ, ಇಲ್ಲಿ ಅಜ್ಜಿ. ನಾನೂ ಅವ್ವ ಎಂದೆ.

“ಯಾ ಊರು ಮ್ಮಾ ನಿಂಗ?”

“ಗದಗ. ಕರ್ನಾಟಕ.”

“ನಾವೂ ಅಲ್ಲಿಂದ್ಲೇ ಬಂದೋರು. ನೀ ರೊಂಬ ಲೇಟು.”

ರೊಂಬ ಎಂದರೆ ತುಂಬಾ. ನಕ್ಕು ನಕ್ಕು ನನ್ನ ಸೂಟ್‌ಕೇಸು ಕೈಯಿಂದ ಜಾರಿತು. ಅವರಾಡುವ ಭಾಷೆ ನನ್ನದೇ, ಆದರೆ ಯಾವುದೋ ಕಾಲದಲ್ಲಿ ನನ್ನಿಂದ ಬೇರೆಯಾಗಿ ತಮಿಳಿನ ಮನೆಗೆ ಸೊಸೆಯಾಗಿ ಹೋಗಿ, ಅಲ್ಲಿನ ಚಿನ್ನವನ್ನೆಲ್ಲ ಮೈಮೇಲೆ ಹಾಕಿಕೊಂಡದ್ದು. “ನೀ ಪೇಸೋದು ಬುಕ್ಕು ಓದ್ದಂಗ ಅದೆ,” ಎಂದು ನನ್ನ ಮಾತನ್ನು ಆಕೆ ಅಣಕಿಸುತ್ತಾರೆ. ಮೊಮ್ಮಗಳು ಮಲರ್ ಒಂಬತ್ತನೇ ತರಗತಿ. ಅಜ್ಜಿಯ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನಗೆ ಕರುಣೆ ತೋರಬೇಕಾದಾಗ ಕನ್ನಡ ಹೊರತೆಗೆಯುತ್ತಾಳೆ.

ಊಟದ ಕಷ್ಟ ಬರೆದರೆ ಊರಿನವರಿಗೆ ಖುಷಿಯಾಗುತ್ತದೆ, ಬರೆಯುತ್ತೇನೆ. ಹೊತ್ತು ಹೊತ್ತಿಗೂ ಅನ್ನ, ಇಲ್ಲವೇ ಅಕ್ಕಿಯದೇ ಇನ್ನೊಂದು ಅವತಾರ. ಕಂಬಂ ಪೇಟೆಯಲ್ಲಿ ಜೋಳ ಹುಡುಕಿ ಬೀಸಿಸಿ ರೊಟ್ಟಿ ಬಡಿದೆ. ಸದ್ದಿಗೆ ಅವ್ವ ಮೆಟ್ಟಿಲು ಹತ್ತಿ ಬಂದು, “ಗೋಡೆ ಒಡೀತಿದ್ಯಾ?” ಎಂದರು. ರೊಟ್ಟಿಯ ಚೂರು ತಿಂದು, ಮೊಸರು ಕೇಳಿದರು. ಸಂಜೆಗಳು ಕಷ್ಟ. ಸಂಜೆ ನಮ್ಮ ಓಣಿಯಲ್ಲಿ ಯಾರಾದರೂ ಹಾರ್ಮೋನಿಯಂ ಹಿಡಿದು ಕೂತಿರುತ್ತಿದ್ದರು. ಇಲ್ಲಿ ತೆಂಗಿನ ತೋಟದ ಪಂಪು ಒಂದೇ ಸ್ವರ ಹಿಡಿದಿರುತ್ತದೆ. ಅದಕ್ಕೇ ನನ್ನ ಷಡ್ಜ ಹೊಂದಿಸಿಕೊಂಡು ಹಾಡಿಕೊಂಡೆ.

ಈಗ ಕೆಲಸದ ವಿಷಯ. ಉತ್ತಮಪಾಳ್ಯಂ ಆಚೆಯ ಶಾಲೆಯಲ್ಲಿ ನಾನು ಸಂಗೀತದ ಟೀಚರು, ಆದರೆ ಹಾಡಲು ಕಲಿಸುವವಳಲ್ಲ. ಮುಂದೆ ಹಾಡುಗಾರರಾಗದ ಮಕ್ಕಳಿಗೆ ಹಾಡು ಕೇಳುವುದನ್ನು ಕಲಿಸಬೇಕು. ಅದೂ ಪ್ರಯೋಗಕ್ಕೆ, ಅರ್ಧವಾರ್ಷಿಕ ಪರೀಕ್ಷೆಯವರೆಗೆ. ಅಷ್ಟರೊಳಗೆ ಹೆಡ್‌ಮಿಸ್ಟ್ರೆಸ್ ತರಗತಿಗೆ ಬಂದು ನೋಡುತ್ತಾರೆ. ಮೆಚ್ಚಿದರೆ ನಾನೂ ಪೀರಿಯಡ್ಡೂ ಉಳಿಯುತ್ತೇವೆ, ಇಲ್ಲವಾದರೆ ಅದು ಗಣಿತಕ್ಕೆ, ನಾನು ಗದಗಕ್ಕೆ.

ತಂಬೂರಿಯಿಂದ ಶುರು ಮಾಡಿದೆ. ನಮ್ಮ ಕಡೆ ತಂಬೂರಿ ಮಿಡಿದರೆ ಕೂತವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇಲ್ಲಿ ಎಲ್ಲರೂ ಪೆನ್ನು ತೆಗೆದರು. ತೀರ ನಿಧಾನಗತಿಯ ವಿಳಂಬಿತ್ ಖಯಾಲ್ ಕೇಳಿಸಿ, ಹೇಗಿತ್ತು ಎಂದೆ. ಕಾರ್ತಿ ಎಂಬ ಹುಡುಗ ಎದ್ದು ನಿಂತ. (ಶಾಲೆಯ ತಮಿಳನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.)

“ಮಿಸ್, ಇದು ಟಯರ್ ಪಂಕ್ಚರ್ ಆದ ಬಸ್ಸು ಮಿಸ್.”

ಇಡೀ ತರಗತಿ ನಕ್ಕಿತು. ನನಗೂ ನಗು ಬಂತು, ಆದರೆ ಅದು ಸೋಲಿನ ನಗು. ಅವನು ಬಸ್ಸನ್ನೇ ಏಕೆ ಹೇಳಿದ ಎಂದು ಆಗ ಕೇಳಬೇಕಿತ್ತು. ಕೇಳಲಿಲ್ಲ.

ಗೊತ್ತಾದದ್ದು ಅದೇ ತರಗತಿಯ ಮಲರ್‌ಳಿಂದ. ಒಂದು ಬೆಳಿಗ್ಗೆ ನಾನು ಎಂದಿನಂತೆ ಖಾಲಿ ಬಸ್ಸಿಗೆ ಕಾಲಿಡುತ್ತಿದ್ದಾಗ ನನ್ನ ಚೀಲ ಹಿಡಿದು ಎಳೆದಳು.

“ಏರಬೇಡಿ ಮಿಸ್. ಅದು ಊಮೈ ಬಸ್.”

ಊಮೈ ಎಂದರೆ ಮೂಗ. ಸರ್ಕಾರಿ ಬಸ್ಸು, ಹಾಡಿಲ್ಲ. ಹೆಂಗಸರಿಗೆ ಅದರಲ್ಲಿ ಟಿಕೆಟ್ಟಿಲ್ಲ, ಮಕ್ಕಳಿಗೆ ಪಾಸಿದೆ, ಆದರೂ ಇವರೆಲ್ಲ ಅದನ್ನು ಬಿಟ್ಟು, ದುಡ್ಡು ಕೊಟ್ಟು, ಹಿಂದೆ ಬರುವ ಖಾಸಗಿ ಬಸ್ಸಿಗೆ ಕಾಯುತ್ತಾರೆ. ಅದು ‘ಪಾಟ್ಟು ಬಸ್’, ಹಾಡಿನ ಬಸ್ಸು. ಅದರ ಡ್ರೈವರು ಮನೆಯಲ್ಲಿ ಕೂತು ಹಾಡುಗಳನ್ನು ಆರಿಸಿ, ರಸ್ತೆಗೆ ತಕ್ಕಂತೆ ಜೋಡಿಸಿಕೊಂಡು ಬರುತ್ತಾನಂತೆ.

ಹತ್ತಿದೆ. ಎದೆಯೊಳಗೆ ಡೋಲು ಬಾರಿಸಿದಂತಾಯಿತು. ಕಿಟಕಿ ಗಾಜು ತಾಳ ಹಾಕುತ್ತಿತ್ತು. ಮಲರ್ ನನ್ನನ್ನು ಎಡಗಡೆಯ ನಾಲ್ಕನೇ ಸೀಟಿಗೆ ತಳ್ಳಿದಳು: ಕೊಳಲು ಅಲ್ಲಿಯೇ ಚೆನ್ನಾಗಿ ಕೇಳುವುದು, ಹಿಂದೆ ಕೂತರೆ ಡ್ರಮ್ಮು ಅದನ್ನು ತಿಂದುಬಿಡುತ್ತದೆ. ಹಿಂದಿನ ಸೀಟಿನಲ್ಲಿ ಜಗಳ.

“ಎರಡನೇ ಬಿಜಿಎಂಲಿ ವಯೊಲಿನ್ ಮೇಲೆ ಹೋಗ್ತದೆ ಡಾ, ಮೊದಲ್ನೇದ್ರಲ್ಲಿ ಇಲ್ಲ!”

“ನಿನ್ ಕಿವಿಗ ಎಣ್ಣೆ ಹಾಕು, ಪೋ ಡಾ!”

“ಡ್ರೈವರಣ್ಣಾ, ಮೊನ್ನೆ ಎರಡನೇ ಚರಣ ಕಟ್ ಮಾಡಿದ್ರಲ್ಲ, ನ್ಯಾಯವಾ?”

ಬಿಜಿಎಂ ಎಂದು ಅವರು ಕರೆಯುವುದು ಚರಣಗಳ ನಡುವಿನ ಬರಿ ವಾದ್ಯದ ಭಾಗವನ್ನು. ನಾನು ಬೋರ್ಡಿನ ಮೇಲೆ ಬರೆದು ಬರೆದು ಸೋತದ್ದೆಲ್ಲ, ಪುನರಾವರ್ತನೆ, ಸ್ಥಾಯಿ, ವಾದ್ಯಗಳ ಗುರುತು, ಎಲ್ಲವೂ ಸಂತೆಯ ಚೌಕಾಸಿಯಂತೆ ನನ್ನ ಬೆನ್ನ ಹಿಂದೆ ನಡೆಯುತ್ತಿತ್ತು. ನನಗೆ ಇಳಿಯಬೇಕಾದ ನಿಲ್ದಾಣವೇ ತಪ್ಪಿಹೋಗುತ್ತಿತ್ತು.

ಆ ದಿನದಿಂದ ನಮ್ಮ ತರಗತಿ ಹಾರತೊಡಗಿತು. ಹಾಡಿನ ದಾರಿಯನ್ನು ಚಿತ್ರ ಬರೆಯಿರಿ ಎಂದೆ. ಏರು, ಸೇತುವೆ, ಹಂಪು ಬಿಡಿಸಿದರು. ಗೊತ್ತಿಲ್ಲದ ಹಾಡನ್ನು ನಡುವೆ ನಿಲ್ಲಿಸಿ, ಮುಂದೇನು ಎಂದೆ, ಊಹಿಸಿದರು, ಬಡಿದಾಡಿದರು. ಮತ್ತೆ ಆ ಖಯಾಲ್ ಹಾಕಿದೆ. ಕಾರ್ತಿ ಕಣ್ಣು ಮುಚ್ಚಿಕೊಂಡು ಕೇಳಿ ಹೇಳಿದ: “ಪಂಕ್ಚರ್ ಇಲ್ಲ ಮಿಸ್. ಘಾಟಿ ಏರ್ತಾ ಇದೆ, ಅದ್ಕೇ ಫಸ್ಟ್ ಗೇರು.” ಖಯಾಲಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ಹೆಡ್‌ಮಿಸ್ಟ್ರೆಸ್ ಬಂದು ಹಿಂದಿನ ಬೆಂಚಿನಲ್ಲಿ ಕೂತ ದಿನ ಮಕ್ಕಳು ಮಿಂಚಿದರು. ಮಕ್ಕಳು ಹಿಂದೆ ಕೇಳದ ಒಂದು ಹಾಡು ಹಾಕಿದೆ. ಎಲ್ಲಿ ತಿರುಗುತ್ತದೆ, ಎಲ್ಲಿ ಕೊಳಲು ಕೈಬಿಟ್ಟು ವಯೊಲಿನ್ ಹಿಡಿಯುತ್ತದೆ, ಒಂದೊಂದನ್ನೂ ಹೇಳಿದರು. ಹೆಡ್‌ಮಿಸ್ಟ್ರೆಸ್ ಮುಗುಳ್ನಕ್ಕರು. ನನ್ನ ಕಂಕುಳಲ್ಲಿ ಬೆವರು ಆರಿತು.

“ಇಷ್ಟೆಲ್ಲ ಎಲ್ಲಿ ಕಲಿತಿರಿ?” ಎಂದು ಕೇಳಿದರು.

ಕಾರ್ತಿ ಎದೆಯುಬ್ಬಿಸಿ ನಿಂತ. “ಪಾಟ್ಟು ಬಸ್ಸಲ್ಲಿ ಮೇಡಂ! ಊಮೈ ಬಸ್ ಖಾಲಿ ಬಂದ್ರೂ ನಾವು ಏರಲ್ಲ ಮೇಡಂ!”

ಮಲರ್ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಓಹೋ,” ಎಂದರು ಹೆಡ್‌ಮಿಸ್ಟ್ರೆಸ್. “ದಿನಾ ಮೊದಲ ಪೀರಿಯಡ್ಡು ಗಣಿತಕ್ಕೆ ತಡ ಆಗೋದು ದ್ರಾಕ್ಷಿ ಲಾರಿ ಅಡ್ಡ ನಿಂತು ಅಂತ ಹೇಳಿದ್ರಲ್ಲ? ಈ ಊರಲ್ಲಿ ಅಷ್ಟೊಂದು ದ್ರಾಕ್ಷಿ ಬೆಳೆಯುತ್ತಾ?”

ತೀರ್ಪು ಅಲ್ಲೇ ಬಂತು. ಪೀರಿಯಡ್ಡು ಇರಲಿ. ಆದರೆ ನಾಳೆಯಿಂದ ಒಬ್ಬರು ತಡವಾಗಿ ಬಂದರೂ ಅದು ಗಣಿತದ್ದು.

ಆ ಸಂಜೆ ಮಲರ್ ಮಹಡಿಗೆ ಬರಲಿಲ್ಲ. ಕೆಳಗೆ ಅವ್ವನ ದನಿ ಕೇಳುತ್ತಿತ್ತು: “ಒಂದು ಪಾಟ್ಟುಗ ಯಾಕ ಅಳ್ತೀಯ ಡೀ?” ಸೂಟ್‌ಕೇಸಿನ ಕಡೆ ನೋಡುತ್ತ ಕೂತೆ. ಹಾಡು ಬಿಟ್ಟು ನನ್ನ ಪೀರಿಯಡ್ಡು ಉಳಿಸಿ ಎಂದು ಯಾವ ಬಾಯಿಂದ ಹೇಳಲಿ?

ಬೆಳಿಗ್ಗೆ ಊಮೈ ಬಸ್ ಬಂತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮಲರ್ ಮೊದಲು ಹತ್ತಿದಳು, ಸಾವಿನ ಮನೆಗೆ ಹೋಗುವವಳಂತೆ. ಹಿಂದೆ ಎಲ್ಲರೂ. ಕಂಡಕ್ಟರನಿಗೆ ಸೀಟಿ ಊದುವುದೇ ಮರೆತುಹೋಯಿತು.

ಹಾಡಿಲ್ಲ, ಜಗಳವಿಲ್ಲ. ಯಾರದೋ ಬುಟ್ಟಿಯಲ್ಲಿ ಕೋಳಿ. ಉತ್ತಮಪಾಳ್ಯಂ ಹತ್ತಿರ ಬಂದಾಗ ಹಿಂದಿನಿಂದ ಹಾರ್ನು, ಪಾಟ್ಟು ಬಸ್ ನಮ್ಮನ್ನು ದಾಟಿತು. ಮಕ್ಕಳು ಕಿಟಕಿಗೆ ಅಂಟಿಕೊಂಡರು. ಪಲ್ಲವಿಯ ಕೊನೆಯ ಸಾಲು ನಮ್ಮ ಮೇಲೆ ಚೆಲ್ಲಿ, ಬಸ್ಸು ತಿರುವಿನಲ್ಲಿ ಮರೆಯಾಯಿತು.

ಮಲರ್ ಬೆರಳೆತ್ತಿದಳು. ಬೆರಳು ತಾಳ ಹಾಕುತ್ತಿತ್ತು. ಕಾರ್ತಿಯ ಮಂಡಿಯೂ. ಯಾರೂ ಹಾಡಲಿಲ್ಲ, ಗುನುಗಲೂ ಇಲ್ಲ. ಈ ಮಕ್ಕಳು ಹಾಡುವವರಲ್ಲ. ಆದರೆ ಮರೆಯಾದ ಹಾಡು ಅಷ್ಟೂ ತಲೆಗಳಲ್ಲಿ ಓಡುತ್ತಿತ್ತು, ನನ್ನದರಲ್ಲೂ.

“ಈಗ ಬಿಜಿಎಂ,” ಪಿಸುಗುಟ್ಟಿದ ಕಾರ್ತಿ.

“ಇಲ್ಲ, ಇನ್ನೂ ಒಂದು ಸಾಲು ಇದೆ. ತಾಳು,” ಮಲರ್.

ಖಾಸಗಿ ಬಸ್ಸು ಓಡುವುದೂ ಜೋರು, ನಿಲ್ಲುವುದೂ ಜೋರು. ಜನ ತುಂಬದೆ ಉತ್ತಮಪಾಳ್ಯಂ ಬಿಡುವುದಿಲ್ಲ. ನಿಲ್ದಾಣದಲ್ಲಿ ಅದು ನಿಂತಿತ್ತು. ನಮ್ಮ ಬಸ್ಸು ಅದರ ಪಕ್ಕಕ್ಕೆ ಸರಿಯುತ್ತಿದ್ದಂತೆ ಮಲರ್, “ಎರಡನೇ ಚರಣ, ಈಗ!” ಎಂದು ಬೆರಳು ಕೆಳಗಿಳಿಸಿದಳು.

ಕಿಟಕಿಯಾಚೆ ಎರಡನೇ ಚರಣ ಶುರುವಾಯಿತು.

ನಾನು ಕಿರುಚಿದೆ. ಎಲ್ಲರೂ ಕಿರುಚಿದರು. ಕೋಳಿ ಬುಟ್ಟಿಯಿಂದ ಹೊರಬಿತ್ತು. ಸರ್ಕಾರಿ ಬಸ್ಸು ಯಾರಿಗೂ ಕಾಯದೆ ಹೊರಟು, ಪ್ರಾರ್ಥನೆಯ ಗಂಟೆಗೆ ಮುಂಚೆಯೇ ನಮ್ಮನ್ನು ಶಾಲೆಯ ಮುಂದೆ ಇಳಿಸಿತು. ಗಣಿತದ ಮೇಷ್ಟ್ರು ಗೇಟಿನಲ್ಲಿ ನಿಂತು ನಮ್ಮನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಒಳಗೆ ಹೋದರು. ಮಾರನೆಯ ದಿನವೂ ಅದೇ ಬಸ್ಸು, ಅದೇ ಆಟ. ಪೀರಿಯಡ್ಡು ಉಳಿಯಿತು.

ಪರೀಕ್ಷೆಯ ರಜೆಗೆ ಗದಗಕ್ಕೆ ಹೋದೆ. ತಾಯಿ ಮೊದಲ ದಿನವೇ ರೊಟ್ಟಿ ಬಡಿದಳು, ನಾನು ತಿಂದೆ, ಮೂರನೆಯ ದಿನ ಅನ್ನ ಮಾಡು ಎಂದೆ. ಅವಳು ಬೇಜಾರು ಮಾಡಿಕೊಂಡಳೋ, ನಕ್ಕಳೋ, ಸರಿಯಾಗಿ ನೆನಪಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಚಿಕ್ಕಮ್ಮನ ಊರಿಗೆ ಹೊರಟೆವು. ಹಾಡಿಲ್ಲದ ಬಸ್ಸು. ಹೊರಗೆ ಎರೆಹೊಲ, ಹಿಂಗಾರಿ ಜೋಳ, ನನಗೆ ಬಾಯಿಪಾಠವಾಗಿದ್ದ ದಾರಿ.

“ಯಾಕವಾ, ಬೆರಳು ಕುಣಿಸಾಕತ್ತೀ?” ಎಂದಳು ತಾಯಿ.

ಕೊಂಬೈಯಿಂದ ಪಾಟ್ಟು ಬಸ್ ಹೊರಡುವ ಹೊತ್ತು. ಹಾಡು ಎಲ್ಲಿಗೆ ಬಂದಿರಬಹುದೆಂದು ನನ್ನ ಬೆರಳು ಲೆಕ್ಕ ಹಾಕುತ್ತಿತ್ತು. ಎರಡನೇ ಚರಣ ಇಲ್ಲೇ ಇರಬೇಕು ಅನ್ನಿಸಿದ ಕಡೆ ಬೆರಳು ಇಳಿಸಿದೆ. ಸರಿಯಿತ್ತೋ ಇಲ್ಲವೋ ತಿಳಿಯಲು ಪಕ್ಕಕ್ಕೆ ಯಾವ ಬಸ್ಸೂ ಬರಲಿಲ್ಲ.