ಗುಂಯ್‌ಗುಡದ ಡಬ್ಬಿ

ಯಮನೂರಪ್ಪನವರು ನನ್ನ ಗಿಟಾರು ಕೇಳುತ್ತಿರಲಿಲ್ಲ. ಅದು ಸುಮ್ಮನಿದ್ದಾಗ ಏನು ಕೇಳಿಸುತ್ತದೋ ಅದನ್ನು ಕೇಳುತ್ತಿದ್ದರು. ಗಂಗಾವತಿಯ ತಮ್ಮ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸ್ಪೀಕರಿಗೆ ಬಲಗಿವಿ ಹಚ್ಚಿ ಕಣ್ಣು ಮುಚ್ಚುವರು. ನನ್ನ ಕೈ ತಂತಿಯ ಕಡೆ ಹೋದರೆ, "ಬಾರಿಸಬ್ಯಾಡ್ರಿ. ಸುಮ್ಮನಿರೂದು ಕೇಳ್ರಿ" ಎನ್ನುವರು.

ಎಂಬತ್ತರ ದಶಕದ ಮೊದಮೊದಲು ನಾನು ಮದುವೆ ಆರ್ಕೆಸ್ಟ್ರಾದಲ್ಲಿದ್ದೆ. ಕಾಲಡಿ ಎರಡು ಪೆಡಲ್: ಒಂದು ಗಿಟಾರಿನ ದನಿಯನ್ನು ಒರಟು ಮಾಡುವುದು, ಇನ್ನೊಂದು ನಡುಗಿಸುವುದು. ಬ್ಯಾಟರಿ ಬದಲಿಸಿ ಬದಲಿಸಿ ಸಾಕಾಗಿ, ಕರೆಂಟಿನಿಂದ ನಡೆಯುವ ಎಲಿಮಿನೇಟರ್ ಒಂದನ್ನು ಹೊಸಪೇಟೆಯಿಂದ ತಂದೆ. ಪೆಡಲಿಗೆ ಹಚ್ಚಿದರೆ ಹಾಡಿನುದ್ದಕ್ಕೂ ಗುಂಯ್. ಯಮನೂರಪ್ಪನವರು ಅದನ್ನು ಬೆರಳಿನಿಂದ ಆಚೆ ಸರಿಸಿ, ತಾವೇ ಮಾಡಿಕೊಡುವೆನೆಂದರು. ಮಾಡಿದ್ದು ಎರಡು ಡಬ್ಬಿ. ಒಂದು ಸಾಲದೇ ಎಂದರೆ, ಎರಡು ಪೆಡಲಿನ ಪ್ಲಸ್ಸು ಮೈನಸ್ಸು ಒಂದಕ್ಕೊಂದು ಉಲ್ಟಾ, ಎರಡನ್ನೂ ಒಂದಕ್ಕೇ ಹಚ್ಚಿದರೆ ಸುಡುತ್ತದೆ ಎಂದರು.

"ಅಣ್ಣತಮ್ಮರ ಹೆಂಡ್ರು, ನೆಗೆಣ್ಯಾರು ಇದ್ದಂಗ್ರಿ ಇವು. ಇಬ್ಬರೂ ಛಲೋನ ಅದಾರ, ಒಲಿ ಮಾತ್ರ ಬ್ಯಾರೆ ಬ್ಯಾರೆ ಬೇಕು."

ಎದುರಿನ ಅಕ್ಕಿ ಮಿಲ್ಲು ಚಾಲೂ ಆದರೆ ಓಣಿಯ ವೋಲ್ಟೇಜು ಕುಸಿಯುತ್ತಿತ್ತು. ಅವರ ಪರೀಕ್ಷೆ ಆಗಲೇ. ಗುಂಯ್‌ಗುಡುವ ಡಬ್ಬಿ ಅವರ ಹೊಸ್ತಿಲು ದಾಟುವ ಮಾತೇ ಇಲ್ಲ. ಮೂರು ವಾರ ನನ್ನನ್ನು ಅಲೆದಾಡಿಸಿದರು, ನನಗೆ ಸಿಟ್ಟೂ ಬಂದಿತ್ತು.

ಕುಷ್ಟಗಿಯ ಮದುವೆಯೊಂದಕ್ಕೆ ಅವಸರದಲ್ಲಿ ಒಂದು ಡಬ್ಬಿಯನ್ನು ಮನೆಯಲ್ಲೇ ಮರೆತು, ಎರಡೂ ಪೆಡಲನ್ನು ಇನ್ನೊಂದಕ್ಕೇ ಜೋಡಿಸಿದೆ. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಡಬ್ಬಿ ಹೊಗೆಯಾಡಿತು. ಮರುದಿನ ತಲೆ ತಗ್ಗಿಸಿ ಹೋದೆ. ಅವರು ಸುಟ್ಟ ಡಬ್ಬಿಯನ್ನು ಮೂಸಿ, ಬೈಯದೆ, ಸ್ಟೂಲು ಸರಿಸಿದರು.

"ನನಗೂ ಬ್ಯಾಸರಾಗೈತಿ, ನಿಮಗೂ ಆಗೈತಿ. ಕುಂದರ್ರಿ."

ಕೊನೆಯ ಸಲ ಹೋದದ್ದು ಕೆಲವು ವರ್ಷಗಳ ನಂತರ, ಹಳೆಯ ಡಬ್ಬಿ ಕೆಟ್ಟಾಗ. ಹೊಸದನ್ನು ಮಾಡಿಟ್ಟಿದ್ದರು. ಮಿಲ್ಲು ಓಡುತ್ತಿತ್ತು. ಸ್ಪೀಕರಿಗೆ ಬಲಗಿವಿ ಹಚ್ಚಿದರು, ಆಮೇಲೆ ಎಡಗಿವಿ. ಮತ್ತೆ ಬಲಗಿವಿ. ಆಮೇಲೆ, ಎಂದೂ ಕೇಳದವರು, ನನ್ನನ್ನು ಕೇಳಿದರು.

"ಗುಂಯ್ ಅಂತೈತೇನ್ರಿ?"

ಅನ್ನುತ್ತಿತ್ತು. ಬಾಗಿಲಲ್ಲಿ ನಿಂತವರಿಗೂ ಕೇಳುವಷ್ಟು.

"ಇಲ್ರಿ" ಎಂದೆ.

ಅವರ ಮುಖ ಹಗುರಾಯಿತು. ಡಬ್ಬಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ.

ಆ ಡಬ್ಬಿಯನ್ನು ಬೇರೆ ಯಾರ ಕೈಗೂ ರಿಪೇರಿಗೆ ಕೊಡಲು ಮನಸ್ಸಾಗಲಿಲ್ಲ. ಹಾಡು ಮುಗಿದು ಜನ ಸುಮ್ಮನಾದಾಗ ಅದು ಗುಂಯ್‌ಗುಡುತ್ತಿತ್ತು. ಹಾಡುವವರು ತಿರುಗಿ ನೋಡುತ್ತಿದ್ದರು, ಬೈಯುತ್ತಿದ್ದರು. ಡಬ್ಬಿ ಸರಿಯಾಗೇ ಇದೆ, ತಪ್ಪು ನನ್ನ ವೈರಿನದು ಎನ್ನುತ್ತಿದ್ದೆ.