ಸರೋಜಕ್ಕನ ಅನುಮಾನ

ಸರೋಜಕ್ಕ ಯಾವ ಫೋಟೋ ನೋಡಿದರೂ ಮೊದಲು ಅದರಲ್ಲಿದ್ದವರ ಮುಖವನ್ನು ಅಂಗೈಯಿಂದ ಮುಚ್ಚುತ್ತಿದ್ದರು. ನೆಂಟರ ಮದುವೆಯದಾಗಲಿ, ಬಾಗಿಲಲ್ಲಿ ಬಂದು ಬಿದ್ದ ಚುನಾವಣೆಯ ಕರಪತ್ರದ್ದಾಗಲಿ, ಅದೇ ಕ್ರಮ. “ನಗೋ ಮಾರಿ ನೋಡಿದ್ರ ಉಳಿದದ್ದು ಕಾಣಂಗಿಲ್ಲವ್ವಾ. ಹಿಂದ ಏನೈತಿ, ಅದನ್ನ ಮೊದಲ ನೋಡು” ಎನ್ನುತ್ತಿದ್ದರು.

ಲೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುವಾಗ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾನು ಮೈಸೂರಿನವಳು, ಅವರು ಧಾರವಾಡದವರು. ಮೊದಲ ದಿನ ‘ಆಂಟಿ’ ಎಂದಾಗ, “ಆಂಟಿ ಗೀಂಟಿ ಬ್ಯಾಡ, ಅಕ್ಕ ಅನ್ನು” ಎಂದು ತಿದ್ದಿದ್ದರು. ಅವರು ನಿವೃತ್ತ ನರ್ಸ್. ಗಂಡ ಜಾಂಬಿಯಾದಲ್ಲಿ ವಿದೇಶಿ ಕಂಪನಿಯೊಂದರ ತಾಮ್ರದ ಗಣಿಯಲ್ಲಿ ಎಂಜಿನಿಯರ್ ಆಗಿದ್ದರು. ಇವರು ಅದೇ ಕಂಪನಿಯ ದವಾಖಾನೆಯಲ್ಲಿದ್ದರು. ಆಮೇಲೆ ಇಬ್ಬರೂ ಇಲ್ಲಿಗೆ ಬಂದರು. ನಾನು ಆ ಮನೆ ಸೇರುವ ಹೊತ್ತಿಗೆ ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು.

ಎಲ್ಲರ ಮೇಲೂ ಅನುಮಾನ ಅವರಿಗೆ. ಗುಜರಾತಿ ಅಂಗಡಿಯವನು ಪ್ರೀತಿಯಿಂದ ಒಂದು ಕಟ್ಟು ಮೆಂತ್ಯ ಹೆಚ್ಚಿಗೆ ಹಾಕಿದರೆ, ಮನೆಗೆ ಬಂದು ಅದನ್ನು ಬಿಚ್ಚಿ ಎಲೆ ಎಲೆ ತಿರುವಿ ನೋಡುತ್ತಿದ್ದರು. ಗ್ಯಾಸ್ ಮೀಟರ್ ನೋಡಲು ಬಂದವನನ್ನು ಚಳಿಯಲ್ಲಿ ಹೊರಗೇ ನಿಲ್ಲಿಸಿ, ಅವನ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ ಮೇಲೇ ಒಳಗೆ ಬಿಟ್ಟಿದ್ದರು. ನಾನು ನಕ್ಕಿದ್ದಕ್ಕೆ, “ನಗು ನಗು. ನಾ ನೋಡಿದ್ದು ನೀ ನೋಡಿಲ್ಲ” ಎಂದರು. ಆ ಸಂಜೆ ಬಟಾಣಿ ಸುಲಿಯುತ್ತಾ ಅದನ್ನು ಹೇಳಿದರು.

ಗಣಿಯ ಕೆಳಗಿನ ಊರಿನವರು ಹಳ್ಳದ ನೀರನ್ನೇ ಕುಡಿಯುತ್ತಿದ್ದರು. ಹಳ್ಳದ ಬಣ್ಣ ತಿರುಗಿತು. ಮೈತುಂಬಾ ಹುಣ್ಣಾದ, ಹೊಟ್ಟೆನೋವೆಂದು ಒದ್ದಾಡುವ ಮಕ್ಕಳನ್ನು ಹೊತ್ತು ತಾಯಂದಿರು ದವಾಖಾನೆಗೆ ಬರತೊಡಗಿದರು. ಕಂಪನಿ ಊರೊಳಗೊಂದು ನಲ್ಲಿ ಹಾಕಿಸಿತು. ದೊಡ್ಡ ಕಚೇರಿಯಿಂದ ಫೋಟೋದವರು ಬಂದರು. ನಲ್ಲಿಗೆ ಬಾಯೊಡ್ಡಿ ನಗುವ ಹುಡುಗಿಯೊಬ್ಬಳ ಚಿತ್ರ ದವಾಖಾನೆಯ ಗೋಡೆಯ ಮೇಲೂ ಬಂತು.

“ನಾ ಆ ಊರಿಗೆ ಹೋಗಿ ನಳಾ ತಿರುವಿದ್ನಿ. ಗಾಳಿ ಬಂತು, ನೀರು ಬರಲಿಲ್ಲ. ಹೊಳ್ಳಿ ಬಂದು ಆ ಹುಡುಗಿ ಮಾರಿ ಮುಚ್ಚಿ ಫೋಟೋ ನೋಡಿದ್ನಿ. ಗ್ವಾಡಿ ಹಿಂದ ನೀರಿನ ಟ್ಯಾಂಕರಿನ ಗಾಲಿ ಕಾಣಾಕತ್ತಿತ್ತು.”

ಓದು ಮುಗಿದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನನಗೆ ಕೆಲಸ ಸಿಕ್ಕಿತು. ಗಣಿಗಳಿಂದ ಸುತ್ತಲಿನ ಜನರಿಗೆ ಏನಾಗಿದೆ ಎಂದು ವರದಿ ಬರೆಯುವ ಸಂಸ್ಥೆ ಅದು. ಬರೆಸುವವರು ಗಣಿ ಕಂಪನಿಗಳೇ. ನನ್ನ ವೀಸಾ ಆ ಕೆಲಸದ ಮೇಲೆ ನಿಂತಿತ್ತು. ಆಫ್ರಿಕಾದ ಒಂದು ಚಿನ್ನದ ಗಣಿಗಾಗಿ ಎತ್ತಂಗಡಿಯಾದ ಹಳ್ಳಿಯ ಕುರಿತು ನನ್ನ ಮೊದಲ ವರದಿ. ಹೆಮ್ಮೆಯಿಂದ ಅದರ ಕರಡನ್ನು ಲೆಸ್ಟರ್‌ಗೆ ಒಯ್ದೆ. ಮೊದಲ ಪುಟದ ಫೋಟೋದಲ್ಲಿ ಹೊಸ ಮನೆಯ ಮುಂದೆ ನಿಂತ ಹೆಂಗಸಿನ ಮುಖವನ್ನು ಸರೋಜಕ್ಕ ಮುಚ್ಚಿದರು.

“ಹೊಲ ಎಲ್ಲೈತಿ?”

“ಪರಿಹಾರ ಕೊಟ್ಟಿದಾರಕ್ಕ. ಖುಷಿಯಾಗಿದೀವಿ ಅಂತ ಅವ್ರೇ ಹೇಳಿದಾರೆ.”

“ಯಾರ ಮುಂದ ಹೇಳ್ಯಾರ?”

ನನಗೆ ಗೊತ್ತಿರಲಿಲ್ಲ. ಸೋಮವಾರ, ಅಲ್ಲಿಗೆ ಹೋಗಿ ಬಂದಿದ್ದ ಸಹೋದ್ಯೋಗಿಯನ್ನು ಕೇಳಿದೆ. ಆತ ಸಹಜವಾಗಿ ಹೇಳಿದ: ಹಳ್ಳಿಯವರ ಮಾತನ್ನು ಇಂಗ್ಲಿಷಿಗೆ ಹೇಳಿದವನು ಕಂಪನಿಯ ಅಧಿಕಾರಿ, ಹೊಲ ಬಿಡಿಸಿದವನೂ ಅವನೇ. ಆ ಒಂದು ವಾಕ್ಯವನ್ನು ವರದಿಗೆ ಸೇರಿಸಿದೆ. ಮ್ಯಾನೇಜರ್ ನಗುನಗುತ್ತಲೇ ತೆಗೆದುಹಾಕಿದರು. ನಾನು ಮತ್ತೆ ಸೇರಿಸಿದೆ, ಅವರು ಮತ್ತೆ ತೆಗೆದರು. ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದೆ. ವರದಿ ನನ್ನ ಹೆಸರಿಲ್ಲದೆ ಹೊರಬಂತು. ನನ್ನ ಕೆಲಸ ಮುಂದುವರಿಯಲಿಲ್ಲ.

ಪೆಟ್ಟಿಗೆ ಹಿಡಿದು ಬಂದ ನನ್ನನ್ನು ಸರೋಜಕ್ಕ ಏನೂ ಕೇಳದೆ ಮಹಡಿಗೆ ಕಳಿಸಿದರು. ವೀಸಾ ಮುಗಿಯುವ ಮುಂಚೆ ಸ್ಟಾಕ್‌ಪೋರ್ಟ್‌ನಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದು ನನ್ನನ್ನು ತೆಗೆದುಕೊಂಡಿತು. ಅಲ್ಲಿಯವರೆಗೆ ಸರೋಜಕ್ಕ ದಿನಾ ನನಗೆ ರೊಟ್ಟಿ ಬಡಿದು ಹಾಕಿದರು.

ಕೊನೆಯ ಸಲ ನಾನು ಅವರನ್ನು ಕಂಡಿದ್ದು ಕೆಲವು ವರ್ಷಗಳ ನಂತರ, ಲೆಸ್ಟರ್‌ನ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಬಹಳ ಇಳಿದುಹೋಗಿದ್ದರು. ಅಷ್ಟು ವರ್ಷ ಕೇಳಲಾಗದ್ದನ್ನು ಅಂದು ಕೇಳಿಬಿಟ್ಟೆ: “ಅಕ್ಕ, ಆ ಟ್ಯಾಂಕರ್ ವಿಷಯ ನಿಮ್ಮನೆಯವರಿಗೆ ಗೊತ್ತಿತ್ತಾ?”



“ಅಲ್ಲಿದ್ದಾಗ ಕೇಳಾಕ ಧೈರ್ಯ ಆಗಲಿಲ್ಲ. ಅವರ ಕಡೀ ದಿನದಾಗ, ಹಿಂಗ ಹಾಸಿಗಿ ಬಾಜೂಕ ಕುಂತು ಕೇಳಿದ್ನಿ. ‘ನಮ್ಮ ಬಂಗಲೆಗೆ ನೀರು ಎಲ್ಲಿಂದ ಬರ್ತಿತ್ತು ಅಂತ ನೀ ಯಾವತ್ತರ ಕೇಳಿದ್ಯೇನು?’ ಅಂದ್ರು.”

“ನೀವೇನಂದ್ರಿ?”

“ಏನನ್ಲಿ? ಸಾಹೇಬರ ಮನಿಗೋಳಿಗೆ ಪೈಪು ಬ್ಯಾರೆ ಇತ್ತು. ಮೊದಲನೇ ವಾರದಾಗ ಗೊತ್ತಾಗಿತ್ತು ನನಗ. ದವಾಖಾನಿಗೆ ಹೋಗೂ ಮುಂದ ದಿನಾ ಅದ ನೀರಿನ್ಯಾಗ ಕೈ ತೊಳಕೊಂಡು ಹೋಗ್ತಿದ್ನಿ.”

ಹೊದಿಕೆ ಸರಿಪಡಿಸಿ, ಶನಿವಾರ ಬರ್ತೀನಿ ಎಂದೆ.

“ಖರೇನ ಬರ್ತಿ?” ಎಂದು ನನ್ನನ್ನೇ ದಿಟ್ಟಿಸಿದರು.

“ಖಂಡಿತ ಬರ್ತೀನಕ್ಕ.”

ನಂಬಿದರೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಅವರ ಮಗಳ ಫೋನ್ ಬಂತು.